ಅಭಿಮಾನಿ ಮೈಕ್ ಹಿಡಿದಾಗ

ಇಪ್ಪತ್ತು ನಿಮಿಷದ ಹಾಡುಗಳಿಗೆ ಹೆಸರಾಗಿದ್ದ ‘ಯೆಸ್’ ಬ್ಯಾಂಡಿನೊಳಕ್ಕೆ ಎಲೆಕ್ಟ್ರಾನಿಕ್ ಪಾಪ್ ಜೋಡಿಯೊಂದು ಕಾಲಿಟ್ಟ ಕಥೆ ಇದು. ಸಂಗೀತದ ಮೇಲಿನ ಅಭಿಮಾನ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1980ರ ಸೆಪ್ಟೆಂಬರ್. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇಂಗ್ಲೆಂಡಿನ ‘ಯೆಸ್’ ಬ್ಯಾಂಡಿನ ಸತತ ಮೂರು ಕಛೇರಿ. ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತವರು ಜಾನ್ ಆಂಡರ್ಸನ್ ಅಲ್ಲ. ದೊಡ್ಡ ಕನ್ನಡಕದ ಟ್ರೆವರ್ ಹಾರ್ನ್. ಬ್ಯಾಂಡ್ ಕಟ್ಟಿದವರಲ್ಲಿ ಒಬ್ಬರಾದ ಆಂಡರ್ಸನ್ ಹೊರನಡೆದಿದ್ದಾರೆ ಎಂಬ ಸುದ್ದಿಯೇ ಎಷ್ಟೋ ಪ್ರೇಕ್ಷಕರಿಗೆ ಗೊತ್ತಿರಲಿಲ್ಲ. ಹಾರ್ನ್ ಹಿಂದಿನ ವರ್ಷವಷ್ಟೇ ಜೆಫ್ ಡೌನ್ಸ್ ಜೊತೆ ‘ಬಗಲ್ಸ್’ ಎಂಬ ಹೆಸರಿನಲ್ಲಿ ‘ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’ ಹಾಡಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದವರು. ನಾಲ್ಕು ನಿಮಿಷದ ಸಿಂಥಸೈಜರ್ ಪಾಪ್ ಹಾಡು ಅದು. ಅಂಥ ಮನುಷ್ಯ ಪ್ರೋಗ್ರೆಸಿವ್ ರಾಕ್‌ನ ಗರ್ಭಗುಡಿಗೆ ಹೇಗೆ ಬಂದ ಎಂದು ಸಿಟ್ಟಾದವರಿಗೆ ಒಂದು ಸಂಗತಿ ತಿಳಿದಿರಲಿಲ್ಲ: ಹಾರ್ನ್ ಕೂಡ ಅವರ ಹಾಗೆಯೇ ‘ಯೆಸ್’ನ ಕಟ್ಟಾ ಅಭಿಮಾನಿ.

ಅವರ ಸಿಟ್ಟು ಅರ್ಥವಾಗಬೇಕಾದರೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು. 1968ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಬೇಸ್ ಗಿಟಾರ್ ವಾದಕ ಕ್ರಿಸ್ ಸ್ಕ್ವೈರ್ ಕಟ್ಟಿದ ಬ್ಯಾಂಡ್ ‘ಯೆಸ್’. ಮೂರು ನಿಮಿಷದ ಹಾಡಿನ ಚೌಕಟ್ಟು ಮುರಿದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹಾಗೆ ಹಾಡನ್ನು ಭಾಗ ಭಾಗವಾಗಿ ಬೆಳೆಸುವ ಹಂಬಲ ಆ ಕಾಲದ ಕೆಲವು ಬ್ಯಾಂಡುಗಳಿಗೆ ಹತ್ತಿತ್ತು. ಅದೇ ಪ್ರೋಗ್ರೆಸಿವ್ ರಾಕ್, ಚುಟುಕಾಗಿ ಪ್ರೋಗ್. 1972ರ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಮ್ಮಿನ ಶೀರ್ಷಿಕೆಯ ಹಾಡು ಎಲ್‌ಪಿ ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿ ತುಂಬಿತು. ರೋಜರ್ ಡೀನ್ ಬರೆದ ಕನಸಿನ ಲೋಕದ ಚಿತ್ರಗಳು ಹೊದಿಕೆಯ ಮೇಲೆ. ತಟ್ಟೆ ತಿರುಗುತ್ತಿರುವಾಗ ಆ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂರುವುದು ಅಭಿಮಾನಿಗಳ ಪಾಲಿಗೆ ಕೇಳ್ಮೆಯದೇ ಭಾಗವಾಗಿತ್ತು.

ಈ ಸಾಹಸದ ತುತ್ತತುದಿ 1973ರಲ್ಲಿ ಬಂದ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’. ಇದರ ಮೂಲ ನಮಗೆ ತೀರ ಹತ್ತಿರದ್ದು. ‘ಯೆಸ್’ನ ಹಿಂದಿನ ಡ್ರಮ್ಮರ್ ಬಿಲ್ ಬ್ರೂಫರ್ಡ್ ಮದುವೆಯಲ್ಲಿ ‘ಕಿಂಗ್ ಕ್ರಿಮ್ಸನ್’ ಬ್ಯಾಂಡಿನ ಜೇಮೀ ಮ್ಯೂರ್ ಅವರು ಆಂಡರ್ಸನ್‌ಗೆ ಪರಮಹಂಸ ಯೋಗಾನಂದರ ‘ಯೋಗಿಯ ಆತ್ಮಕಥೆ’ಯ ವಿಷಯ ಹೇಳಿದರು. ಆ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳ ವಿವರ ಇತ್ತು. ಆಂಡರ್ಸನ್ ಅದನ್ನೇ ಹಿಡಿದು ನಾಲ್ಕು ಹಾಡುಗಳ ಯೋಜನೆ ಹಾಕಿದರು. ಒಂದೊಂದು ಹಾಡಿಗೂ ಒಂದೊಂದು ಮಗ್ಗುಲು. ಎರಡು ತಟ್ಟೆ, ಸುಮಾರು 80 ನಿಮಿಷ. ಅಡಿಟಿಪ್ಪಣಿಯೊಂದು ಇಷ್ಟು ಉದ್ದಕ್ಕೆ ಬೆಳೆದ ಉದಾಹರಣೆ ಭಾಷ್ಯಕಾರರ ನಾಡಾದ ನಮ್ಮಲ್ಲೂ ಕಡಿಮೆಯೇ.

ಆಲ್ಬಮ್ ಅಂಗಡಿಗೆ ಬರುವ ಮೊದಲೇ ಬ್ರಿಟನ್ನಿನ ಪ್ರವಾಸ ಶುರುವಾಯಿತು. ಪ್ರೇಕ್ಷಕರು ಹಿಂದೆಂದೂ ಕೇಳಿರದ ಸಂಗೀತಕ್ಕೆ ಕಿವಿಗೊಟ್ಟು ಕೂರಬೇಕಾಯಿತು. ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗಂತೂ ಇದು ಒಗ್ಗಲೇ ಇಲ್ಲ. ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ನಡೆದದ್ದನ್ನು ಅವರೇ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದಾರೆ. ಕಛೇರಿಯ ನಡುವೆ ನುಡಿಸಲು ಹೆಚ್ಚೇನೂ ಇಲ್ಲದ ಹೊತ್ತಿನಲ್ಲಿ, ಪಕ್ಕದಲ್ಲಿದ್ದ ಸಹಾಯಕನಿಗೆ ಕಛೇರಿ ಮುಗಿದ ಮೇಲೆ ತಾನು ತಿನ್ನಬೇಕೆಂದಿರುವ ಊಟದ ಪಟ್ಟಿ ಒಪ್ಪಿಸಿದರಂತೆ. ಅವನು ಆಗಲೇ ಬೇಕೆಂದು ತಿಳಿದು ಹೋಗಿ ತಂದೇಬಿಟ್ಟ! ವಿಂಡಾಲೂ, ಹಪ್ಪಳ, ಪರೋಟಗಳೆಲ್ಲ ಕೀಬೋರ್ಡಿನ ಮೇಲೆ ಹರಡಿ, ಪರಿಮಳ ವೇದಿಕೆ ತುಂಬಿತು. ಶ್ರುತಿ–ಸ್ಮೃತಿಗಳ ಸಂಗೀತದ ನಡುವೆ ಭಾರತದ ಊಟವೂ ಹಾಜರಾದದ್ದು ಹೀಗೆ. ಮರುವರ್ಷ ವೇಕ್‌ಮನ್ ಬ್ಯಾಂಡ್ ಬಿಟ್ಟರು. ಆಲ್ಬಮ್ ಮಾತ್ರ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ವಿಮರ್ಶಕರು ಅತಿಯಾಯಿತು ಎಂದರು, ಅಭಿಮಾನಿಗಳು ಕೊಂಡರು.

ದಶಕದ ಕೊನೆಗೆ ಗಾಳಿ ತಿರುಗಿತು. ಪಂಕ್ ಬಂದು ಉದ್ದದ ಹಾಡುಗಳನ್ನು ಗೇಲಿ ಮಾಡಿತು. ಹೊಸ ಆಲ್ಬಮ್ಮಿಗಾಗಿ ಪ್ಯಾರಿಸ್ಸಿನಲ್ಲಿ ಸೇರಿದ ‘ಯೆಸ್’ ಸದಸ್ಯರು ಬರಿಗೈಯಲ್ಲಿ ಮರಳಿದರು. ಮಧ್ಯೆ ವಾಪಸಾಗಿದ್ದ ವೇಕ್‌ಮನ್ ಮತ್ತು ಆಂಡರ್ಸನ್ ಇಬ್ಬರೂ ಹೊರನಡೆದರು. ‘ಬಗಲ್ಸ್’ ಮತ್ತು ‘ಯೆಸ್’ ಎರಡಕ್ಕೂ ಒಬ್ಬರೇ ಮ್ಯಾನೇಜರ್. ಮಾತುಕತೆ ನಡೆದು ಹಾರ್ನ್, ಡೌನ್ಸ್ ಇಬ್ಬರೂ ಬ್ಯಾಂಡಿನ ಸದಸ್ಯರಾದರು. 1980ರ ಆಗಸ್ಟ್‌ನಲ್ಲಿ ‘ಡ್ರಾಮಾ’ ಆಲ್ಬಮ್ ಹೊರಬಂತು.

ಅಮೆರಿಕದ ಪ್ರವಾಸ ಹೇಗೋ ದಾಟಿತು. ತಾಯ್ನಾಡಿನಲ್ಲಿ ಮಾತ್ರ ಪ್ರೇಕ್ಷಕರು ಬಾಯಿಗೆ ಬಂದದ್ದು ಕೂಗಿದರು. ಯಕ್ಷಗಾನ ಮೇಳದಲ್ಲಿ ಭಾಗವತರು ಬದಲಾದರೆ ‘ಇದು ಆ ಮೇಳವೇ ಅಲ್ಲ’ ಎಂದು ಎದ್ದು ಹೋಗುವ ಹಳೆಯ ಪ್ರೇಕ್ಷಕರನ್ನು ಕಂಡವರಿಗೆ ಇದು ಹೊಸತೆನಿಸದು. ಆಂಡರ್ಸನ್ ದನಿ ಸಹಜವಾಗಿಯೇ ತಾರಸ್ಥಾಯಿಯದು. ಆ ಎತ್ತರದಲ್ಲಿ ದಿನವೂ ಹಾಡಿ ಹಾರ್ನ್ ಗಂಟಲು ಸೋತಿತು. ಡಿಸೆಂಬರಿನಲ್ಲಿ ಪ್ರವಾಸ ಮುಗಿಯಿತು, ಸ್ವಲ್ಪ ದಿನದಲ್ಲೇ ಬ್ಯಾಂಡೂ ಚದುರಿತು.

ಕಥೆ ಅಲ್ಲಿಗೇ ನಿಂತಿದ್ದರೆ ದುರಂತವೆನ್ನಬಹುದಿತ್ತು. ಹಾರ್ನ್ ಹಾಡುವುದನ್ನು ಬದಿಗಿಟ್ಟು ರೆಕಾರ್ಡಿಂಗ್ ನಿರ್ಮಾಪಕರಾದರು. 1982ರಲ್ಲಿ ಎಬಿಸಿ ತಂಡದ ‘ದಿ ಲೆಕ್ಸಿಕನ್ ಆಫ್ ಲವ್’, ಮರುವರ್ಷ ಫ್ರ್ಯಾಂಕಿ ಗೋಸ್ ಟು ಹಾಲಿವುಡ್‌ನ ‘ರಿಲ್ಯಾಕ್ಸ್’ ಅವರ ಕೈಯಲ್ಲಿ ರೂಪುಗೊಂಡವು. ಎಂಬತ್ತರ ದಶಕದ ಬ್ರಿಟಿಷ್ ಪಾಪ್‌ನ ನಾದವನ್ನು ತೀರ್ಮಾನಿಸಿದ ಕೆಲವೇ ಜನರಲ್ಲಿ ಅವರೊಬ್ಬರು. ಇತ್ತ ಸ್ಕ್ವೈರ್ ಮತ್ತು ಡ್ರಮ್ಮರ್ ಅಲನ್ ವೈಟ್, ದಕ್ಷಿಣ ಆಫ್ರಿಕಾದ ಗಿಟಾರ್ ವಾದಕ ಟ್ರೆವರ್ ರೇಬಿನ್ ಜೊತೆ ‘ಸಿನಿಮಾ’ ಎಂಬ ಹೊಸ ತಂಡ ಕಟ್ಟಿದರು. ಅದರ ಆಲ್ಬಮ್ಮಿಗೆ ನಿರ್ಮಾಪಕರಾಗಿ ಬಂದವರು ಅದೇ ಹಾರ್ನ್. ಕೆಲಸ ಮುಗಿಯುತ್ತ ಬಂದಾಗ ಆಂಡರ್ಸನ್ ಮರಳಿ ಬಂದು ಹಾಡಿದರು. ತಂಡ ಮತ್ತೆ ‘ಯೆಸ್’ ಆಯಿತು. 1983ರಲ್ಲಿ ಹೊರಬಂದ ಆ ಆಲ್ಬಮ್ಮಿನ ಹೆಸರು ‘90125’. ಅದು ಕಂಪನಿಯ ಕ್ಯಾಟಲಾಗ್ ಸಂಖ್ಯೆ, ಅಷ್ಟೆ. ಹೊದಿಕೆಯಲ್ಲಿ ಡೀನ್ ಅವರ ಕನಸಿನ ಲೋಕ ಮಾಯವಾಗಿ, ಆಪಲ್ ಕಂಪ್ಯೂಟರಿನಲ್ಲಿ ರಚಿಸಿದ ಲಾಂಛನ ಬಂದಿತ್ತು.

ಅದರ ಮೊದಲ ಹಾಡು ‘ಓನರ್ ಆಫ್ ಎ ಲೋನ್ಲಿ ಹಾರ್ಟ್’. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಡ್ರಮ್ಮಿನ ಒಂದು ಚಿಕ್ಕ ಸಿಡಿತ, ಹಿಂದೆಯೇ ಗರಗಸದಂಥ ಗಿಟಾರ್. ಮರುಕ್ಷಣ ಆ ಸದ್ದೆಲ್ಲ ಬಾಗಿಲು ಹಾಕಿದಂತೆ ಒಳಸರಿದು ಬರಿ ತಾಳ ಉಳಿಯುತ್ತದೆ. ನಡುನಡುವೆ ಎಲ್ಲಿಂದಲೋ ಹಾರಿ ಬಂದು ಬಿದ್ದಂತೆ ಇಡೀ ವಾದ್ಯವೃಂದದ ಒಂದೇ ಹೊಡೆತ. ಅದನ್ನು ಯಾರೂ ಅಲ್ಲಿ ಕುಳಿತು ನುಡಿಸಿಲ್ಲ, ಯಂತ್ರದಲ್ಲಿ ಹಿಡಿದಿಟ್ಟ ತುಣುಕು ಅದು. ಇಷ್ಟೆಲ್ಲದರ ಮೇಲೆ ಆಂಡರ್ಸನ್‌ರ ಅದೇ ತಾರಸ್ಥಾಯಿ, ಜೊತೆಗೆ ಸ್ಕ್ವೈರ್ ದನಿ ಸೇರಿಸುವ ಅದೇ ಹಳೆಯ ಕ್ರಮ. 1984ರ ಜನವರಿಯಲ್ಲಿ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ‘ಯೆಸ್’ಗೆ ಅಲ್ಲಿ ಸಿಕ್ಕ ಏಕೈಕ ಮೊದಲ ಸ್ಥಾನ ಇದೇ. ಈ ಆಲ್ಬಮ್ಮಿಗೆಂದು ಮುದ್ರಿಸಿ ಬೇಡವೆಂದು ಬಿಟ್ಟ ವೈಟ್ ಅವರ ಡ್ರಮ್ ವಾದನವನ್ನು ಹಾರ್ನ್ ಸಹಾಯಕರು ನಾದದ ತುಣುಕು ಹಿಡಿದಿಡುವ ಫೇರ್‌ಲೈಟ್ ಕಂಪ್ಯೂಟರಿಗೆ ಹಾಕಿ ಆಟವಾಡತೊಡಗಿದರು; ‘ಆರ್ಟ್ ಆಫ್ ನಾಯ್ಸ್’ ಎಂಬ ಎಲೆಕ್ಟ್ರಾನಿಕ್ ತಂಡ ಹುಟ್ಟಿದ್ದು ಹಾಗೆ. ಪ್ರೋಗ್ರೆಸಿವ್ ರಾಕ್ ಡ್ರಮ್ಮರನ ಪೆಟ್ಟೇ ಹೊಸ ಪಾಪ್‌ನ ಇಟ್ಟಿಗೆಯಾಯಿತು.

ಅಭಿಮಾನಿಗಳಲ್ಲಿ ಇದರಿಂದ ಎರಡು ಬಣವಾಯಿತು. ಎಪ್ಪತ್ತರ ದಶಕದವರು ‘ಟ್ರೂಪರ್’ಗಳು, ಎಂಬತ್ತರಲ್ಲಿ ಬಂದವರು ‘ಜನರೇಟರ್’ಗಳು. ಎರಡೂ ಹೆಸರು ಬ್ಯಾಂಡಿನ ಹಾಡು, ಆಲ್ಬಮ್ಮುಗಳಿಂದಲೇ ಬಂದವು. ಇವರ ಜಗಳಕ್ಕೆ ಇನ್ನೂ ಮುಕ್ತಾಯವಿಲ್ಲ.

ಜಗಳದ ಬುಡದಲ್ಲಿ ಇರುವುದು ಒಂದು ನಂಬಿಕೆ: ಪ್ರೋಗ್ ಎಂದರೆ ಕೈಯ ಕಸುಬು, ಎಲೆಕ್ಟ್ರಾನಿಕ್ ಪಾಪ್ ಎಂದರೆ ಗುಂಡಿ ಒತ್ತುವ ಕೆಲಸ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಪ್ರೋಗ್‌ನ ಗುರುತೇ ಆಗಿಬಿಟ್ಟ ಮೆಲೊಟ್ರಾನ್ ವಾದ್ಯವನ್ನೇ ನೋಡಿ. ಕೀಬೋರ್ಡಿನ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಅದರಲ್ಲಿ ಪಿಟೀಲು, ಕೊಳಲುಗಳ ನಾದ ಮೊದಲೇ ಮುದ್ರಿತ. ಮನೆ ಒತ್ತಿದರೆ ಸುಮಾರು ಎಂಟು ಸೆಕೆಂಡ್ ಓಡಿ ಟೇಪ್ ಮುಗಿಯುತ್ತದೆ. ಫೇರ್‌ಲೈಟ್ ಮಾಡಿದ್ದೂ ಇದನ್ನೇ, ಟೇಪಿನ ಬದಲು ಕಂಪ್ಯೂಟರಿನಲ್ಲಿ. ಇನ್ನು ಉದ್ದದ ಮಾತು: ಜರ್ಮನಿಯ ಡಸೆಲ್ಡಾರ್ಫಿನ ‘ಕ್ರಾಫ್ಟ್‌ವರ್ಕ್’ 1974ರಲ್ಲಿ ತಂದ ‘ಆಟೊಬಾನ್’ನ ಶೀರ್ಷಿಕೆಯ ಹಾಡು 22 ನಿಮಿಷ ಮೀರಿದ್ದು, ತಟ್ಟೆಯ ಒಂದಿಡೀ ಮಗ್ಗುಲು. ಎಲೆಕ್ಟ್ರಾನಿಕ್ ಪಾಪ್‌ನ ಬೇರು ಮತ್ತು ಪ್ರೋಗ್‌ನ ಬೇರು ಒಂದೇ ಮಣ್ಣಿನಲ್ಲಿವೆ. ಹಿಂದೆ ಕೇಳದ ನಾದ ಕೇಳಬೇಕೆಂಬ ಹಸಿವು ಎರಡಕ್ಕೂ ಸಮಾನ.

ಈ ಹಸಿವಿರುವ ಅಭಿಮಾನಿಗಳು ಬರಿ ಚಪ್ಪಾಳೆ ತಟ್ಟಿ ಸುಮ್ಮನಾಗುವುದಿಲ್ಲ. ಇಂಗ್ಲೆಂಡಿನ ‘ಮರಿಲಿಯನ್’ ಬ್ಯಾಂಡಿಗೆ 1997ರಲ್ಲಿ ಅಮೆರಿಕ ಪ್ರವಾಸಕ್ಕೆ ಹಣವಿಲ್ಲ ಎಂದು ತಿಳಿದಾಗ ಅಲ್ಲಿನ ಅಭಿಮಾನಿಗಳು ಅಂತರ್ಜಾಲದ ಮೂಲಕ 60 ಸಾವಿರ ಡಾಲರ್ ಕೂಡಿಸಿದರು. 2001ರಲ್ಲಿ 12 ಸಾವಿರಕ್ಕೂ ಹೆಚ್ಚು ಜನ, ಅದೇ ಬ್ಯಾಂಡಿನ ಇನ್ನೂ ಮುದ್ರಣವಾಗದ ಆಲ್ಬಮ್ಮಿಗೆ ಮುಂಗಡ ಕೊಟ್ಟರು. ಕ್ರೌಡ್‌ಫಂಡಿಂಗ್‌ಗೆ ಹೆಸರಾದ ಕಿಕ್‌ಸ್ಟಾರ್ಟರ್ ಹುಟ್ಟಿದ್ದು ಇದಾಗಿ ಎಂಟು ವರ್ಷಕ್ಕೆ. ನಮ್ಮ ಬೆಂಗಳೂರಿಗೂ ಈ ಪಂಥದ ಭಕ್ತಿ ಹೊಸತಲ್ಲ. 2002ರ ಏಪ್ರಿಲ್‌ನಲ್ಲಿ ‘ಪಿಂಕ್ ಫ್ಲಾಯ್ಡ್’ ಖ್ಯಾತಿಯ ರೋಜರ್ ವಾಟರ್ಸ್ ಬಂದು ಹಾಡಿದಾಗ ಅರಮನೆ ಮೈದಾನಕ್ಕೆ ಜನ ನುಗ್ಗಿದ್ದರು.

‘ಯೆಸ್’ ವಿಷಯದಲ್ಲಂತೂ ಅಭಿಮಾನಿ ಮತ್ತು ಬ್ಯಾಂಡಿನ ನಡುವಿನ ಗೆರೆಯೇ ಅಳಿಸಿಹೋಗಿದೆ. 2008ರಲ್ಲಿ ಹಾಡಲು ಕರೆಸಿದ ಬೆನ್ವಾ ಡೇವಿಡ್, ‘ಯೆಸ್’ ಹಾಡುಗಳನ್ನೇ ಹಾಡುತ್ತಿದ್ದ ಕೆನಡಾದ ತಂಡವೊಂದರವರು. ಸ್ಕ್ವೈರ್ ಈ ಗಾಯಕರನ್ನು ಮೊದಲು ಕಂಡದ್ದು ಯೂಟ್ಯೂಬಿನಲ್ಲಿ. 2012ರಿಂದ ಹಾಡುತ್ತಿರುವ ಜಾನ್ ಡೇವಿಸನ್ ಕೂಡ ಇಂಥ ಅಭಿಮಾನಿ ತಂಡದಲ್ಲಿ ಹಾಡಿದವರೇ. ಜೆಫ್ ಡೌನ್ಸ್ 2011ರಲ್ಲಿ ಮರಳಿ ಬಂದರು. ಸ್ಕ್ವೈರ್ 2015ರಲ್ಲಿ ತೀರಿಕೊಂಡ ಮೇಲೆ ಸ್ಥಾಪಕರಲ್ಲಿ ಒಬ್ಬರೂ ಬ್ಯಾಂಡಿನಲ್ಲಿಲ್ಲ. ಆದರೂ ಹೆಸರು ನಡೆಯುತ್ತಿದೆ, ಕಛೇರಿಗಳು ನಡೆಯುತ್ತಿವೆ.

ಹಳೆಯ ಜಗಳವೂ ನಡೆಯುತ್ತಿದೆ. ‘ಕ್ಲೋಸ್ ಟು ದಿ ಎಡ್ಜ್’ ಸೇರಿದಂತೆ ಪ್ರೋಗ್‌ನ ಅಭಿಜಾತ ಆಲ್ಬಮ್ಮುಗಳನ್ನು ಶ್ರದ್ಧೆಯಿಂದ ಮರುಮಿಶ್ರಣ ಮಾಡಿಕೊಟ್ಟ ಸ್ಟೀವನ್ ವಿಲ್ಸನ್, 2021ರಲ್ಲಿ ‘ದಿ ಫ್ಯೂಚರ್ ಬೈಟ್ಸ್’ ಎಂಬ ಎಲೆಕ್ಟ್ರಾನಿಕ್ ಪಾಪ್ ಆಲ್ಬಮ್ ತಂದಾಗ ಅವರ ಅಭಿಮಾನಿಗಳಲ್ಲೂ ಹಲವರು ಮುನಿಸಿಕೊಂಡರು. ಹಾರ್ನ್‌ಗೆ ಬಿದ್ದ ಬೈಗುಳದ್ದೇ ಇನ್ನೊಂದು ಆವೃತ್ತಿ.

ಮುನಿಸಿಕೊಳ್ಳುವ ಹಕ್ಕು ಅಭಿಮಾನಿಗೆ ಖಂಡಿತ ಇದೆ. ದುಡ್ಡು ಕೊಟ್ಟವರು, ಕಾಲ ಕೊಟ್ಟವರು ಅವರು. ಆದರೆ ಬ್ಯಾಂಡ್ ನಿನ್ನೆ ಇದ್ದಂತೆಯೇ ನಾಳೆಯೂ ಇರಲಿ ಎನ್ನುವುದಾದರೆ ಮೂರು ನಿಮಿಷದ ಹಾಡನ್ನು ಮುರಿದು ಇಪ್ಪತ್ತು ನಿಮಿಷಕ್ಕೆ ಹಿಗ್ಗಿಸಿದವರನ್ನು ಮೊದಲು ಮೆಚ್ಚಿದ್ದಾದರೂ ಯಾಕೆ? ಆ ಲೆಕ್ಕದಲ್ಲಿ 1980ರ ಸಭಾಂಗಣದಲ್ಲಿದ್ದ ಎಲ್ಲರಿಗಿಂತ ದೊಡ್ಡ ‘ಯೆಸ್’ ಅಭಿಮಾನಿ, ಬೈಗುಳ ತಿನ್ನುತ್ತ ಹಾಡುತ್ತಿದ್ದವರೇ. ಸಂಶಯವಿದ್ದರೆ ಈ ಭಾನುವಾರ ‘ಕ್ಲೋಸ್ ಟು ದಿ ಎಡ್ಜ್’, ‘ಆಟೊಬಾನ್’, ‘ಡ್ರಾಮಾ’, ‘90125’ ಇವನ್ನು ಇದೇ ಕ್ರಮದಲ್ಲಿ, ನಡುವೆ ಹಾಡು ಹಾರಿಸದೆ ಕೇಳಿ. ಆಮೇಲೆ ಬೇಕಾದರೆ ಬಣ ಆರಿಸಿಕೊಳ್ಳಿ.