ತಂಬುಳಿ ಯಾಕೆ ಕುದಿಸಲ್ಲ?

ಜೀವಂತ ಬ್ಯಾಕ್ಟೀರಿಯಾ ಇರೋ ಪಾನೀಯ ಅಂದ್ರೆ ಕೊಂಬುಚಾನೇ ಆಗಬೇಕಾ?
ಭಟ್ಕಳ, ಹೊನ್ನಾವರ, ಕುಮಟಾ ಕಡೆ ಅದಕ್ಕೆ ಹಳೇ ಉತ್ತರ ಇದೆ: ತಂಬುಳಿ.

ಕಾಯಿಸಿ ಆರಿಸಿದ, ಸುಮಾರು 40 ಡಿಗ್ರಿ ಬಿಸಿಯ ಹಾಲಿಗೆ
ಒಂದು ಚಮಚ ಹೆಪ್ಪು ಹಾಕಿ.
ಅದರ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನ ಲ್ಯಾಕ್ಟಿಕ್ ಆಮ್ಲ ಮಾಡುತ್ತೆ.
ಹಾಲು ಹುಳಿಯಾಗುತ್ತೆ, ಗಟ್ಟಿ ಮೊಸರಾಗುತ್ತೆ.
ಹೆಪ್ಪು ಬಿತ್ತನೆ ಭತ್ತದ ಹಾಗೆ:
ಇವತ್ತಿನ ಬೆಳೆಯಲ್ಲೇ ನಾಳೆಯ ಬೀಜ ಎತ್ತಿಡಬೇಕು.

ಈಗ ತಂಬುಳಿ ನೋಡಿ.
ಒಂದೆಲಗ, ಕಾಯಿತುರಿ, ಜೀರಿಗೆ ನುಣ್ಣಗೆ ರುಬ್ಬಿ
ಆ ಮೊಸರು ಕಡೆದ ತಣ್ಣನೆ ಮಜ್ಜಿಗೆಗೆ ಕಲಸ್ತಾರೆ. ಕುದಿಸಲ್ಲ.
ಮಜ್ಜಿಗೆ ಹುಳಿ ಕುದಿಯುತ್ತೆ, ಅಲ್ಲಿ ಬ್ಯಾಕ್ಟೀರಿಯಾ ಸಾಯುತ್ತೆ.
ತಂಬುಳಿಯಲ್ಲಿ ಉಳಿಯುತ್ತೆ.

"ಒಗ್ಗರಣೆ ಬಿಸಿ ಅಲ್ವಾ?"
ಹೌದು. ಆದ್ರೆ ಒಂದು ಚಮಚ ಎಣ್ಣೆಗೆ ಪಾತ್ರೆ ತುಂಬಾ ಮಜ್ಜಿಗೆ ಕಾಯಲ್ಲ.

"ಕರಾವಳಿ ಸೆಕೆಗೆ ಕೆಡಲ್ವಾ?"
ಹುಳಿ ಬೇಗ ಏರುತ್ತೆ, ನಿಜ.
ಆದ್ರೆ ಆ ಆಮ್ಲವೇ ಎಷ್ಟೋ ಕೆಟ್ಟ ಕ್ರಿಮಿಗಳನ್ನ ತಡೆಯುತ್ತೆ.
ಬೂಸ್ಟು ಬಂದ್ರೆ, ವಾಸನೆ ಕೆಟ್ರೆ, ಯೋಚಿಸದೆ ಚೆಲ್ಲಿ.

"ಹಾಗಾದ್ರೆ ಕೊಂಬುಚಾ ಬೇಡವಾ?"
ಇಷ್ಟ ಇದ್ದವರು ಮಾಡಲಿ.
ಅದಕ್ಕೆ ಚಹಾ, ಸಕ್ಕರೆ, ವಾರಗಟ್ಟಲೆ ಕಾಯೋ ತಾಳ್ಮೆ ಬೇಕು.
ಹೆಪ್ಪಿಗೆ ಒಂದು ರಾತ್ರಿ ಸಾಕು.

ಹೆಪ್ಪು ಎತ್ತಿಡಿ. ಮಜ್ಜಿಗೆ ಕಾಯಿಸಬೇಡಿ.
ತಂಬುಳಿ ಮಾಡಿದ ದಿನವೇ ಕುಡಿದುಬಿಡಿ.