ಇಂಗ್ಲಿಷ್ ಭಾಷೆಯಲ್ಲಿ ಕರ್ಮಣಿಪ್ರಯೋಗದ ರಚನೆಯೂ ವಿನಿಯೋಗವೂ

ಕರ್ತರಿ, ಕರ್ಮಣಿ ಎಂಬ ಪ್ರಯೋಗಭೇದವು ಸಂಸ್ಕೃತವನ್ನು ವ್ಯಾಸಂಗ ಮಾಡಿದವರಿಗೆ ಸುಪರಿಚಿತವಾದುದು. ಇಂಗ್ಲಿಷಿನವರು ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಂದು ಕರೆಯುವುದೂ ಇದನ್ನೇ ಎಂದು ಭಾವಿಸಿ, ಒಂದರ ಸಂಜ್ಞೆಗಳಿಂದ ಮತ್ತೊಂದನ್ನು ಬೋಧಿಸುವ ವಾಡಿಕೆಯುಂಟು. ಈ ಸಮೀಕರಣವು ಸ್ಥೂಲದೃಷ್ಟಿಗೆ ಯುಕ್ತವಾಗಿ ಕಂಡರೂ ಸೂಕ್ಷ್ಮವಾಗಿ ಪರಿಶೀಲಿಸಿದಲ್ಲಿ ಕೆಲವೆಡೆ ನಿಲ್ಲಲಾರದು. ಕನ್ನಡದ ಭಾಷಾಂತರಗದ್ಯದಲ್ಲಿ ಕಾಣುವ ಅನೇಕ ಕೃತಕವಾಕ್ಯಗಳಿಗೆ ಈ ಭ್ರಾಂತಿಯೇ ಮೂಲ.

ಮೊದಲು ರಚನೆ. ಸಂಸ್ಕೃತದಲ್ಲಿ ಧಾತುವಿಗೆ 'ಯಕ್' ವಿಕರಣವೂ ಆತ್ಮನೇಪದದ ಪ್ರತ್ಯಯವೂ ಸೇರಿ 'ಕ್ರಿಯತೇ' ಎಂಬಂತಹ ರೂಪವು ಸಿದ್ಧಿಸುತ್ತದೆ. ಪಾಣಿನಿಯ 3.4.69ನೆಯ ಸೂತ್ರದಂತೆ ಇಲ್ಲಿ ಲಕಾರವೇ ಕರ್ಮವನ್ನು ಹೇಳುವುದರಿಂದ ಕರ್ಮಕ್ಕೆ ಪ್ರಥಮೆಯೂ, ಹೇಳದೆ ಉಳಿದ ಕರ್ತೃವಿಗೆ 2.3.18ನೆಯ ಸೂತ್ರದಂತೆ ತೃತೀಯೆಯೂ ಬರುತ್ತವೆ. ಇಂಗ್ಲಿಷಿನಲ್ಲಿ ಇಂತಹ ಪ್ರತ್ಯಯವಿಲ್ಲ. 'ಬಿ' ಎಂಬ ಸತ್ತಾರ್ಥಕ ಧಾತುವಿನ ಮುಂದೆ ಭೂತಕೃದಂತವನ್ನಿಟ್ಟು ಕೆಲಸ ಸಾಗಿಸಬೇಕು. 'ದಿ ಪಾಟರ್ ಮೇಡ್ ದಿ ಪಾಟ್' ಎಂಬುದು 'ದಿ ಪಾಟ್ ವಾಸ್ ಮೇಡ್ ಬೈ ದಿ ಪಾಟರ್' ಎಂದಾಗುತ್ತದೆ. ಈಸ್ ಮೇಡ್, ವಿಲ್ ಬಿ ಮೇಡ್, ಹ್ಯಾಸ್ ಬೀನ್ ಮೇಡ್ ಎಂಬಲ್ಲೆಲ್ಲ ಕೃದಂತವು ಅವಿಕೃತವಾಗಿಯೇ ಇದ್ದು, ಕಾಲವನ್ನು ಸಹಾಯಕ್ರಿಯೆಯು ಸೂಚಿಸುತ್ತದೆ. ಆದುದರಿಂದ ಈ ರಚನೆಗೆ ಸಮೀಪವಾದುದು 'ಘಟಃ ಕ್ರಿಯತೇ' ಎಂಬುದಲ್ಲ. 'ಘಟಃ ಕೃತಃ' ಎಂಬ ಕ್ತಾಂತರಚನೆ.

ಇದರ ಫಲವಾಗಿ ಒಂದು ಸಂದಿಗ್ಧತೆಯೂ ಉಂಟಾಯಿತು. 'ದಿ ಡೋರ್ ವಾಸ್ ಶಟ್' ಎಂದರೆ ಬಾಗಿಲನ್ನು ಯಾರೋ ಮುಚ್ಚಿದರು ಎಂದೂ, ಬಾಗಿಲು ಮುಚ್ಚಿಕೊಂಡಿತ್ತು ಎಂದೂ ಎರಡರ್ಥ. ಪ್ರಾಚೀನ ಇಂಗ್ಲಿಷಿನಲ್ಲಿ 'ಇರು' ಎಂಬರ್ಥದ ಧಾತುವಿನೊಡನೆ 'ಆಗು' ಎಂಬರ್ಥದ 'ವೆಯೋರ್ದನ್' ಧಾತುವೂ ಈ ಪ್ರಯೋಗದಲ್ಲಿ ಸಹಾಯಕವಾಗಿತ್ತು. ಮಧ್ಯಕಾಲದಲ್ಲಿ ಅದು ಲೋಪವಾಗಿ 'ಬಿ' ಒಂದೇ ಉಳಿಯಿತು. ಜರ್ಮನ್ ಭಾಷೆಯು ಇಂದಿಗೂ ಎರಡನ್ನೂ ಉಳಿಸಿಕೊಂಡಿದೆ. ಇನ್ನು 'ಈಸ್ ಬೀಯಿಂಗ್ ಬಿಲ್ಟ್' ಎಂಬ ರೂಪವು ರೂಢಿಗೆ ಬಂದುದು 18ನೆಯ ಶತಮಾನದ ಕೊನೆಯಲ್ಲಿ. ಅದಕ್ಕೆ ಮುಂಚೆ 'ದಿ ಹೌಸ್ ಈಸ್ ಬಿಲ್ಡಿಂಗ್' ಎಂದೇ ಹೇಳುತ್ತಿದ್ದರು. 19ನೆಯ ಶತಮಾನದ ಕೆಲವು ಶುದ್ಧಿವಾದಿಗಳು ಹೊಸ ರೂಪವನ್ನು ಕಟುವಾಗಿ ಖಂಡಿಸಿದರೂ ಲೋಕರೂಢಿಯೇ ಗೆದ್ದಿತು.

ಯಾವ ಧಾತುಗಳಿಗೆ ಈ ಪ್ರಯೋಗವು ಸಲ್ಲುವುದೆಂಬಲ್ಲಿಯೂ ಭೇದವಿದೆ. ಅಕರ್ಮಕ ಧಾತುಗಳಿಗೆ ಸಂಸ್ಕೃತದಲ್ಲಿ 'ತೇನ ಸುಪ್ಯತೇ' ಎಂಬಂತೆ ಭಾವೇಪ್ರಯೋಗವುಂಟು, ಇಂಗ್ಲಿಷಿನಲ್ಲಿ ಅದಿಲ್ಲ. ಆದರೆ 'ದಿ ಬೆಡ್ ವಾಸ್ ಸ್ಲೆಪ್ಟ್ ಇನ್' ಎಂದು ಅಧಿಕರಣವನ್ನೇ ಪ್ರಥಮೆಯ ಸ್ಥಾನಕ್ಕೆ ಏರಿಸಬಹುದು. 'ಐ ವಾಸ್ ಗಿವನ್ ಎ ಬುಕ್' ಎಂಬಲ್ಲಿ ಸಂಪ್ರದಾನವು ಹಾಗೆ ಏರಿದೆ. ಸಂಸ್ಕೃತದಲ್ಲಿ 'ದುಹ್' ಮೊದಲಾದ ದ್ವಿಕರ್ಮಕ ಧಾತುಗಳ ಅಪ್ರಧಾನಕರ್ಮಕ್ಕೆ ಈ ಯೋಗ್ಯತೆಯುಂಟೇ ಹೊರತು 'ದಾ' ಧಾತುವಿನ ಸಂಪ್ರದಾನಕ್ಕಿಲ್ಲ. ಅದು ಚತುರ್ಥಿಯಲ್ಲಿಯೇ ನಿಲ್ಲುತ್ತದೆ. ಇತ್ತ 'ರಿಸೆಂಬಲ್', 'ಕಾಸ್ಟ್' ಮೊದಲಾದ ಕ್ರಿಯೆಗಳು ಕರ್ಮದಂತೆ ತೋರುವ ಪದವನ್ನು ಅಪೇಕ್ಷಿಸಿದರೂ ಈ ಅರ್ಥಗಳಲ್ಲಿ ಕರ್ಮಣಿಗೆ ಒಳಪಡವು.

ಹೀಗಿರಲು ಇಂಗ್ಲಿಷಿಗೆ ಈ ಪ್ರಯೋಗವು ಏತಕ್ಕೆ ಬೇಕು? ನಾಮಪದಗಳ ವಿಭಕ್ತಿಪ್ರತ್ಯಯಗಳು ಬಹುಮಟ್ಟಿಗೆ ಸವೆದುಹೋದ ಆ ಭಾಷೆಯಲ್ಲಿ ಪದದ ಸ್ಥಾನವೇ ಕಾರಕವನ್ನು ತಿಳಿಸಬೇಕು. ಪ್ರಸ್ತುತವಾದ ಕರ್ಮವನ್ನು ಮುಂದಕ್ಕೆ ತರಬೇಕಾದರೆ ಪ್ರಯೋಗವನ್ನೇ ಬದಲಾಯಿಸುವುದು ಅಲ್ಲಿನ ಮುಖ್ಯೋಪಾಯ. ಕನ್ನಡಕ್ಕೆ ಈ ನಿರ್ಬಂಧವಿಲ್ಲ. 'ಮಡಕೆಯನ್ನು ಕುಂಬಾರನು ಮಾಡಿದನು' ಎಂದರೆ ಸಾಕು. 'ಮಡಕೆಯು ಕುಂಬಾರನಿಂದ ಮಾಡಲ್ಪಟ್ಟಿತು' ಎಂದು ಹೆಣಗಬೇಕಾಗಿಲ್ಲ. 'ಪಡು' ಧಾತು ಸೇರಿದ ರೂಪಗಳು ಹಳಗನ್ನಡದ ಗದ್ಯದಲ್ಲಿಯೂ ಇರುವುವಾದರೂ ಅವು ಆಡುಮಾತಿನ ಜೀವಾಳವಲ್ಲ. ಕನ್ನಡದ ಕೃದ್ವಾಚಿಯಂತೂ ಈ ಭೇದವನ್ನೇ ಗಣಿಸುವುದಿಲ್ಲ. 'ಓದಿದ ಹುಡುಗ', 'ಓದಿದ ಪುಸ್ತಕ' ಎಂಬೆರಡರಲ್ಲಿಯೂ ರೂಪವೊಂದೇ. ವಿಶೇಷ್ಯದ ಯೋಗ್ಯತೆಯಿಂದ ಕರ್ತೃವೋ ಕರ್ಮವೋ ತಿಳಿಯುತ್ತದೆ.

ಎರಡನೆಯ ಪ್ರಯೋಜನವು ಕರ್ತೃವಿನ ಲೋಪ. ಇಂಗ್ಲಿಷಿನ ಕರ್ಮಣಿವಾಕ್ಯಗಳಲ್ಲಿ ಬಹುಪಾಲು 'ಬೈ' ಎಂಬುದೇ ಇರುವುದಿಲ್ಲ. ಕರ್ತೃವು ಅಜ್ಞಾತನಾಗಿರಬಹುದು, ಶಾಸ್ತ್ರಗ್ರಂಥಗಳಲ್ಲಿರುವಂತೆ ಅಪ್ರಸ್ತುತನಾಗಿರಬಹುದು. ಅಥವಾ ಅವನನ್ನು ಮರೆಮಾಡುವುದೇ ವಕ್ತೃವಿನ ಇಷ್ಟವಾಗಿರಬಹುದು. 'ಆರ್ಡರ್ಸ್ ವರ್ ಗಿವನ್ ಟು ಫೈರ್' ಎಂಬ ವಾಕ್ಯದಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟವರು ಯಾರೆಂಬುದು ವ್ಯಾಕರಣದ ಮರೆಯಲ್ಲಿ ಅಡಗಿಹೋಗುತ್ತದೆ. ಜಾರ್ಜ್ ಆರ್ವೆಲ್ಲನು 1946ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಕರ್ತರಿಯು ಸಾಧ್ಯವಿರುವಲ್ಲಿ ಕರ್ಮಣಿಯನ್ನು ವರ್ಜಿಸಬೇಕೆಂದು ವಿಧಿಸಿದುದು ಇಂತಹ ದೋಷವನ್ನು ಕಂಡೇ. ಆದರೆ ಆ ಪ್ರಬಂಧದಲ್ಲಿಯೇ ಕರ್ಮಣಿವಾಕ್ಯಗಳು ಅನೇಕವಿವೆ. ದೋಷವಿರುವುದು ಪ್ರಯೋಗದಲ್ಲಲ್ಲ, ಹೇಳಬೇಕಾದ ಕರ್ತೃವನ್ನು ಹೇಳದಿರುವುದರಲ್ಲಿ.

ಭಾಷಾಂತರಕಾರನು ಗಮನಿಸಬೇಕಾದುದೂ ಇದೇ. ಮೂಲದಲ್ಲಿ ಕರ್ತೃವು ಉಕ್ತನಾಗಿದ್ದರೆ ಕರ್ತರಿಪ್ರಯೋಗದಲ್ಲಿಯೇ ಪದಕ್ರಮವನ್ನು ಬದಲಿಸಿದರೆ ಸಾಕು. ಅವನು ಅಪ್ರಸ್ತುತನಾಗಿದ್ದರೆ 'ಸೇತುವೆಯನ್ನು ಕಟ್ಟಿದರು' ಎಂದು ಕರ್ತೃಪದವಿಲ್ಲದೆಯೇ ಹೇಳಬಹುದು. ಮೂಲವು ಅವನನ್ನು ಮರೆಮಾಡಿದ್ದರೆ 'ಆಜ್ಞೆಯಾಯಿತು' ಎಂಬಂತೆ 'ಆಗು' ಧಾತುವಿನಿಂದ ಆ ಮರೆಯನ್ನೂ ಉಳಿಸಬೇಕು. ಇಲ್ಲವಾದರೆ ಮೂಲದ ಅಭಿಪ್ರಾಯವೇ ಕೆಡುತ್ತದೆ. ವಿದ್ಯಾರ್ಥಿಗಳಿಗೆ ವಾಕ್ಯಗಳನ್ನು ತಿರುವಿ ಬರೆಯುವ ಅಭ್ಯಾಸವನ್ನು ಮಾತ್ರ ಕೊಡದೆ, ಪ್ರತಿಯೊಂದು ಕರ್ಮಣಿವಾಕ್ಯದಲ್ಲಿಯೂ ಕರ್ತೃವು ಎಲ್ಲಿ ಹೋದನು, ಏಕೆ ಹೋದನು ಎಂದು ವಿಚಾರಿಸುವುದನ್ನು ಕಲಿಸಿದರೆ ಇಂಗ್ಲಿಷಿನ ಜ್ಞಾನವೂ ಕನ್ನಡದ ಶೈಲಿಯೂ ಏಕಕಾಲದಲ್ಲಿ ಬಲಗೊಳ್ಳುವುವು.