ಹಿಂದಿರುಗದ ವಿಮಾನದ ಸಾಕ್ಷ್ಯ

ಭೂಪಟದ ಮೇಲೆ ಮಾಲೂರಿನಿಂದ ಮುಳಬಾಗಿಲಿಗೆ ನೇರವಾದ ಗೆರೆಯೆಳೆದು ಅಳೆದರೆ ದೂರವು ೫೦ ಕಿಲೋಮೀಟರಿಗೆ ತುಸು ಹೆಚ್ಚು. ಬಸ್ಸಿನಲ್ಲಿ ಕುಳಿತವರಿಗೆ ಇದು ಒಂದು ಗಂಟೆಗೂ ಮೀರಿದ ಪ್ರಯಾಣ. ಗಂಟೆಗೆ ೯೦೦ ಕಿಲೋಮೀಟರು ವೇಗದಿಂದ ಹಾರುವ ಜೆಟ್ ವಿಮಾನಕ್ಕೆ ಮೂರೂವರೆ ನಿಮಿಷ ಸಾಕು. ಶಬ್ದದ ಇಮ್ಮಡಿ ವೇಗವುಳ್ಳ ವಿಮಾನಕ್ಕಾದರೋ ಸುಮಾರು ಒಂದೂವರೆ ನಿಮಿಷ. ಕೋಲಾರದ ಹೊಲದಲ್ಲಿರುವ ರೈತನು ಸದ್ದು ಕೇಳಿ ತಲೆಯೆತ್ತುವಷ್ಟರಲ್ಲಿ ಅದು ಶ್ರೀನಿವಾಸಪುರದ ದಿಕ್ಕಿನಲ್ಲಿ ಕಣ್ಮರೆಯಾಗಿರುತ್ತದೆ. ಇಂತಹ ಎರಡು ವಿಮಾನಗಳು ಶತ್ರುದೇಶದ ಆಕಾಶದಲ್ಲಿ ಕಾದಾಡಿ, ಎರಡೂ ನೆಲಕ್ಕುರುಳಿದರೆ, ನಡೆದುದೇನೆಂಬುದನ್ನು ನಿರ್ಣಯಿಸುವ ಬಗೆ ಹೇಗೆ?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ನಮ್ಮ ನಾಡಿನ ವೈಮಾನಿಕರೊಬ್ಬರ ಪರಾಕ್ರಮವು ಬೆಳಕಿಗೆ ಬರುವುದೋ ಕತ್ತಲಲ್ಲಿಯೇ ಉಳಿಯುವುದೋ ಎಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿತ್ತು. ಆ ಉತ್ತರವು ಮನ್ನಣೆ ಪಡೆಯಲು ೨೩ ವರ್ಷಗಳು ಬೇಕಾದವು.

ಅವರೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು. ೧೯೩೨ರ ಡಿಸೆಂಬರ್ ೨೪ರಂದು ಕೊಡಗಿನಲ್ಲಿ ಜನಿಸಿದ ಇವರು ೧೯೫೪ರಲ್ಲಿ ಭಾರತೀಯ ವಾಯುಪಡೆಯ ವೈಮಾನಿಕರಾದರು. ಮುಂದೆ ಹೊಸಬರಿಗೆ ವಿಮಾನ ನಡೆಸಲು ಕಲಿಸುವ ಶಿಕ್ಷಕರಾಗಿಯೂ ದುಡಿದರು. ೧೯೬೫ರಲ್ಲಿ ಪಾಕಿಸ್ತಾನದೊಡನೆ ಯುದ್ಧವು ಮೊದಲಾದಾಗ ಇವರನ್ನು ಒಂದನೆಯ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು. ಪಂಜಾಬಿನ ಆದಂಪುರದಲ್ಲಿದ್ದ ಈ ದಳದವರು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ಎಂಬ ವಿಮಾನಗಳನ್ನು ನಡೆಸುತ್ತಿದ್ದರು. ಅದರಲ್ಲಿ ಒಬ್ಬನಿಗೆ ಮಾತ್ರ ಸ್ಥಳ. ನೆಲಕ್ಕೆ ಸಮಾನಾಂತರವಾಗಿ ಹಾರುವಾಗ ಅದರ ವೇಗವು ಶಬ್ದದ ವೇಗವನ್ನು ಮೀರದು.

೧೯೬೫ರ ಸೆಪ್ಟೆಂಬರ್ ೭ರ ಮುಂಜಾನೆ ಪಾಕಿಸ್ತಾನದ ಪ್ರಬಲ ವಾಯುನೆಲೆಯಾದ ಸರಗೋಧಾದ ಮೇಲೆ ದಾಳಿಮಾಡಲು ಈ ದಳಕ್ಕೆ ಆಜ್ಞೆಯಾಯಿತು. ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ. ದಾಳಿಗೆ ೧೨ ವಿಮಾನಗಳು. ಅವುಗಳಲ್ಲಿ ಯಾವುದಾದರೂ ಕೆಟ್ಟುನಿಂತರೆ ಅದರ ಸ್ಥಾನವನ್ನು ತುಂಬಲು ಇನ್ನೆರಡು. ದೇವಯ್ಯನವರು ಈ ಮೀಸಲು ವೈಮಾನಿಕರಲ್ಲಿ ಒಬ್ಬರು. ಆದರೂ ಕೊನೆಗೆ ಅವರು ದಾಳಿಯಲ್ಲಿ ಕೂಡಿಕೊಂಡರು. ಆದಂಪುರದಿಂದ ಸರಗೋಧಾಕ್ಕೆ ಸುಮಾರು ೩೦೦ ಕಿಲೋಮೀಟರು. ನೆಲದ ಸಮೀಪದಲ್ಲಿ ವಾಯುವು ಸಾಂದ್ರವಾಗಿರುವುದರಿಂದ, ಕೆಳಮಟ್ಟದಲ್ಲಿ ಹಾರುವ ಜೆಟ್ ವಿಮಾನವು ಇಂಧನವನ್ನು ಬಹಳವಾಗಿ ನುಂಗುತ್ತದೆ. ಹೋಗಿಬರುವುದಕ್ಕೆ ಬೇಕಾದಷ್ಟನ್ನು ಕಳೆದರೆ ಕಾದಾಟಕ್ಕೆಂದು ಮಿಗುವುದು ಅತ್ಯಲ್ಪ.

ದಾಳಿ ಮುಗಿಯಿತು. ಇತರರು ಮರಳಿದರು, ದೇವಯ್ಯನವರು ಮರಳಲಿಲ್ಲ. ಅವರ ಕೊನೆಯ ನಿಮಿಷಗಳನ್ನು ಸಂಗಡಿಗರಲ್ಲಿ ಯಾರೂ ಕಂಡಿರಲಿಲ್ಲ. ಆದುದರಿಂದ ದಾಖಲೆಯಲ್ಲಿ ಅವರು ಕಾಣೆಯಾದವರೆಂದು ಮಾತ್ರ ಸೇರಿದರು. ಮನೆಯವರ ಪಾಲಿಗೆ ಉಳಿದುದು ಆ ಒಂದು ಪದ.

ಹದಿನಾಲ್ಕು ವರ್ಷಗಳು ಉರುಳಿದವು. ೧೯೭೯ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ೧೯೬೫ರ ವಾಯುಯುದ್ಧವನ್ನು ಕುರಿತು, ಪಾಕಿಸ್ತಾನದ ಕಡೆಯ ವೃತ್ತಾಂತಗಳನ್ನು ಆಧರಿಸಿದ ಪುಸ್ತಕವೊಂದನ್ನು ಪ್ರಕಟಿಸಿದರು. ಅದರಲ್ಲಿ ಅಚ್ಚರಿಯ ಸಂಗತಿಯೊಂದಿತ್ತು. ಆ ಮುಂಜಾನೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ವೈಮಾನಿಕನು ಅಮೆರಿಕದ ಸ್ಟಾರ್‌ಫೈಟರ್ ವಿಮಾನದಲ್ಲಿ ಮೇಲೇರಿ, ಹಿಂದಿರುಗುತ್ತಿದ್ದ ಮಿಸ್ಟೇರ್ ಒಂದನ್ನು ಅಟ್ಟಿಸಿಕೊಂಡು ಹೋಗಿ ಗುಂಡು ಹಾರಿಸಿದನು. ಪೆಟ್ಟು ತಿಂದ ಆ ಮಿಸ್ಟೇರ್ ಓಡಿಹೋಗದೆ ಇದಿರಾಗಿ ನಿಂತು ಕಾದಾಡಿ, ಸ್ಟಾರ್‌ಫೈಟರನ್ನೇ ಹೊಡೆದು ಕೆಡವಿತು. ಹುಸೇನನು ಧುಮುಕುಕೊಡೆಯ ನೆರವಿನಿಂದ ಬದುಕಿಕೊಂಡನು. ಆದರೆ ಆ ಮಿಸ್ಟೇರನ್ನು ನಡೆಸಿದವರು ಯಾರು?

ಭಾರತೀಯ ವಾಯುಪಡೆಯವರು ಹಳೆಯ ಕಡತಗಳನ್ನು ತೆರೆದು ನೋಡಿದರು. ಇಲ್ಲಿ ಬಳಕೆಯಾದ ತರ್ಕವು ವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಹಲವು ಸಾಧ್ಯತೆಗಳಿದ್ದಾಗ, ಆಗಲಾರದವುಗಳನ್ನು ಒಂದೊಂದಾಗಿ ತೆಗೆದುಹಾಕಿ ಉಳಿದುದನ್ನು ಪರೀಕ್ಷಿಸುತ್ತೇವಷ್ಟೆ. ಆ ಬೆಳಗಿನ ದಾಳಿಯಿಂದ ಮರಳಿದವರಲ್ಲಿ ಯಾರೊಬ್ಬರೂ ಸ್ಟಾರ್‌ಫೈಟರನ್ನು ಕೆಡವಿದುದಾಗಿ ವರದಿ ಮಾಡಿರಲಿಲ್ಲ. ಮರಳದಿದ್ದವರು ಒಬ್ಬರೇ. ಸ್ಥಳ, ಸಮಯ, ವಿಮಾನದ ಜಾತಿ, ಈ ಮೂರೂ ಹೊಂದಿಕೆಯಾಗುತ್ತಿದ್ದವು. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನೋಡದೆ ಬರೆದಿಟ್ಟ ಎರಡು ಲೆಕ್ಕಗಳು ಒಂದೇ ಮೊತ್ತವನ್ನು ತೋರಿಸಿದವು. ಅದರಲ್ಲಿಯೂ ಒಂದು ಲೆಕ್ಕವು ಎದುರಾಳಿಯದು. ತನ್ನ ಸೋಲನ್ನು ಒಪ್ಪುವ ಸಾಕ್ಷಿಗೆ ತೂಕ ಹೆಚ್ಚು.

ಶಬ್ದದ ಇಮ್ಮಡಿ ವೇಗವುಳ್ಳ ವಿಮಾನವನ್ನು ನಿಧಾನಗತಿಯ ವಿಮಾನವು ಕೆಡವುವುದು ಸಾಧ್ಯವೇ ಎಂದು ವಾಚಕರು ಕೇಳಬಹುದು. ಭೌತವಿಜ್ಞಾನವು ಸಾಧ್ಯವೆನ್ನುತ್ತದೆ. ವರ್ತುಲದಲ್ಲಿ ತಿರುಗುವ ವಸ್ತುವಿಗೆ ಕೇಂದ್ರಾಭಿಮುಖ ಬಲ ಬೇಕು. ಬಲವು ಅಷ್ಟೇ ಇದ್ದರೆ ವರ್ತುಲದ ತ್ರಿಜ್ಯವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ರೆಕ್ಕೆಗಳು ವಿಮಾನದ ತೂಕದ ನಾಲ್ಮಡಿ ಬಲವನ್ನು ಒದಗಿಸುತ್ತವೆಂದು ಭಾವಿಸೋಣ. ಆಗ ಸೆಕೆಂಡಿಗೆ ೨೦೦ ಮೀಟರು ವೇಗದ ವಿಮಾನವು ಸುಮಾರು ಒಂದು ಕಿಲೋಮೀಟರು ತ್ರಿಜ್ಯದ ವರ್ತುಲದಲ್ಲಿ ತಿರುಗಬಲ್ಲದು. ೩೦೦ ಮೀಟರು ವೇಗದ ವಿಮಾನಕ್ಕೆ ಸುಮಾರು ೨.೪ ಕಿಲೋಮೀಟರು ಬೇಕು. ಸ್ಟಾರ್‌ಫೈಟರಿನ ರೆಕ್ಕೆಗಳು ಬಹು ಚಿಕ್ಕವು. ಒಂದು ತುದಿಯಿಂದ ಇನ್ನೊಂದು ತುದಿಗೆ ೭ ಮೀಟರೂ ಇಲ್ಲ. ನೇರವಾಗಿ ನುಗ್ಗುವುದಕ್ಕೆ ಇವು ಅನುಕೂಲ. ಆದರೆ ವೇಗವನ್ನು ತಗ್ಗಿಸಿ ತಿರುಗುವಾಗ ಬೇಕಾದ ಬಲವನ್ನು ಒದಗಿಸಲಾರವು. ಸುತ್ತಿ ಸುತ್ತಿ ಕಾದಾಡುವ ಸಮರಕ್ಕೆ ಇಳಿದ ಸ್ಟಾರ್‌ಫೈಟರ್ ತನ್ನ ಮೇಲುಗೈಯನ್ನು ತಾನೇ ಬಿಟ್ಟುಕೊಟ್ಟಂತೆ.

ಇದೇ ಗಣಿತವು ಮತ್ತೊಂದು ಸಂಗತಿಯನ್ನೂ ತಿಳಿಸುತ್ತದೆ. ಇಂತಹ ಕಾದಾಟಕ್ಕೆ ಎಂಜಿನ್ನನ್ನು ಪೂರ್ಣವಾಗಿ ದುಡಿಸಬೇಕು. ಆಗ ವ್ಯಯವಾಗುವುದು ಮನೆಗೆ ಮರಳಲು ಇಟ್ಟುಕೊಂಡ ಇಂಧನ. ವೈಮಾನಿಕರಿಗೆ ಕಲಿಸುವ ಗುರುವಾಗಿದ್ದ ದೇವಯ್ಯನವರಿಗೆ ಈ ಲೆಕ್ಕವು ತಿಳಿಯದುದಲ್ಲ.

೧೯೭೧ರ ಯುದ್ಧದಲ್ಲಿ ಅಮ್ಜದ್ ಹುಸೇನನು ಅಮೃತಸರದ ಬಳಿ ಮತ್ತೆ ವಿಮಾನವನ್ನು ಕಳೆದುಕೊಂಡು ಭಾರತದ ಸೆರೆಯಾಳಾದನು. ಅರ್ಧ ಉತ್ತರವನ್ನು ಬಲ್ಲವನು ಹೀಗೆ ನಮ್ಮ ನೆಲಕ್ಕೇ ಬಂದುಹೋದರೂ ಎರಡು ಅರ್ಧಗಳು ಕೂಡಿಕೊಳ್ಳಲು ಇನ್ನೂ ಎಂಟು ವರ್ಷಗಳು ಹಿಡಿದವು. ಕೊನೆಗೆ ೧೯೮೮ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರಚಕ್ರವನ್ನು ನೀಡಲಾಯಿತು.

ಪ್ರಯೋಗಶಾಲೆಯಲ್ಲಿ ಮುಳ್ಳು ಅಲುಗದಿದ್ದರೆ ಅದನ್ನೂ ಬರೆದಿಡಿರೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಸೊನ್ನೆಯೂ ಒಂದು ಅಳತೆ. ಯಾರು ಹೊರಟರು, ಎಷ್ಟು ಹೊತ್ತಿಗೆ, ಯಾರು ಮರಳಲಿಲ್ಲ ಎಂಬುದನ್ನು ಆದಂಪುರದವರು ಅಂದು ತಪ್ಪಿಲ್ಲದೆ ಬರೆದಿಡದಿದ್ದರೆ, ೧೯೭೯ರ ಆ ಪುಸ್ತಕದಲ್ಲಿ ಒಬ್ಬ ಹೆಸರಿಲ್ಲದ ವೀರನು ಹೆಸರಿಲ್ಲದೆಯೇ ಉಳಿಯುತ್ತಿದ್ದನು.